ಮಕ್ಕಳ ಬೆನ್ನು ಹತ್ತಿದ ಮೂವತ್ತು ವರ್ಷ

1992ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ 44 ಶಾಲೆಗಳಿಗೆ ಸಂಶೋಧಕರ ತಂಡವೊಂದು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಯಿತು. ಲ್ಯಾಪ್‌ಟಾಪ್ ಇನ್ನೂ ಅಪರೂಪವಾಗಿದ್ದ ಕಾಲ ಅದು. ಹದಿನಾಲ್ಕು, ಹದಿನೈದರ ಹುಡುಗ ಹುಡುಗಿಯರು ಅದರ ಮುಂದೆ ಕೂತು, ಮೇಷ್ಟರಿಗೂ ಅಪ್ಪ ಅಮ್ಮನಿಗೂ ಹೇಳದ ಸಂಗತಿಗಳನ್ನು ಗುಂಡಿ ಒತ್ತಿ ಹೇಳಿದರು. ನಿದ್ದೆ ಸರಿಯಾಗಿ ಬರುತ್ತದೆಯೇ, ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಆಗುತ್ತದೆಯೇ, ಸಿಗರೇಟು ಸೇದಿದ್ದುಂಟೆ, ತೂಕ ಇಳಿಸಲು ಊಟ ಬಿಟ್ಟದ್ದುಂಟೆ? ಆ ದಿನ ಶಾಲೆಗೆ ಬಾರದವರನ್ನು ಫೋನಿನಲ್ಲಿ ಹಿಡಿದು ಕೇಳಿದರು. ಆರು ತಿಂಗಳು ಬಿಟ್ಟು ಮತ್ತೆ ಅದೇ ಮಕ್ಕಳು, ಮತ್ತೆ ಅವೇ ಪ್ರಶ್ನೆಗಳು. ಶಾಲೆ ಮುಗಿಯುವುದರೊಳಗೆ ಹೀಗೆ ಆರು ಸುತ್ತು.

ಸಾಮಾನ್ಯವಾಗಿ ಇಂಥ ಸಮೀಕ್ಷೆಗಳು ಅಲ್ಲಿಗೆ ಮುಗಿಯುತ್ತವೆ. ವರದಿ ಬರುತ್ತದೆ, ಬಿಡುಗಡೆ ಸಮಾರಂಭ ನಡೆಯುತ್ತದೆ, ವರದಿ ಬೀರು ಸೇರುತ್ತದೆ. ಇದು ಮುಗಿಯಲಿಲ್ಲ. ಆ ಮಕ್ಕಳು ಇಪ್ಪತ್ತು ದಾಟಿದಾಗ ಹುಡುಕಿಕೊಂಡು ಹೋದರು. ಇಪ್ಪತ್ನಾಲ್ಕರಲ್ಲಿ ಹೋದರು, ಇಪ್ಪತ್ತೊಂಬತ್ತರಲ್ಲಿ ಹೋದರು, ಮೂವತ್ತೈದರಲ್ಲೂ ಹೋದರು. ಅಷ್ಟರಲ್ಲಿ ಅವರಲ್ಲಿ ಹಲವರು ತಾವೇ ಅಪ್ಪ ಅಮ್ಮ ಆಗಿದ್ದರು. ಸಂಶೋಧಕರು ಬಿಡಲಿಲ್ಲ, ಹುಟ್ಟಿದ ಮಕ್ಕಳನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ಈ 1,943 ಮಂದಿಯ ಬೆನ್ನು ಹತ್ತಿದ ತಂಡದ ಮುಂದಾಳು ಜಾರ್ಜ್ ಪ್ಯಾಟನ್. ವೃತ್ತಿಯಿಂದ ಮನೋವೈದ್ಯರು, ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಹರೆಯದವರ ಆರೋಗ್ಯದ ಪ್ರಾಧ್ಯಾಪಕರು. 2022ರ ಡಿಸೆಂಬರಿನಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಅವರ ಹೆಸರು ಕಾಣಿಸಿದ್ದು ತೀರಾ ಕಡಿಮೆ. ಆದರೆ ಅವರ ಕೆಲಸದ ಒಂದು ಕೊನೆ ಬಿಹಾರದ ನಳಂದ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳವರೆಗೆ ಬಂದಿದೆ, ಅಲ್ಲಿಂದ ನಮ್ಮ ಶಾಲೆಗಳು ಕಲಿಯಬೇಕಾದದ್ದೂ ಇದೆ.

ಮನೋವೈದ್ಯರಿಗೆ ರೋಗಿಗಳು ಆಸ್ಪತ್ರೆಯಲ್ಲೇ ಸಿಗುತ್ತಾರಲ್ಲ, ಶಾಲೆಗೇಕೆ ಹೋಗಬೇಕು? ಪ್ಯಾಟನ್ ಇದಕ್ಕೂ ಮೊದಲು ಲಂಡನ್ನಿನಲ್ಲಿ ಶಾಲಾ ಹುಡುಗಿಯರ ಊಟ, ಉಪವಾಸ, ತೂಕದ ಚಿಂತೆಗಳ ಮೇಲೆ ಕೆಲಸ ಮಾಡಿದ್ದವರು. ಆಸ್ಪತ್ರೆಯ ಬಾಗಿಲಿಗೆ ಬರುವುದು ಕಾಯಿಲೆ ಬಲಿತ ಮೇಲೆ. ಅದು ಬೇರು ಬಿಟ್ಟದ್ದು ಯಾವಾಗ, ಎಲ್ಲಿ ಎಂದು ತಿಳಿಯಬೇಕಾದರೆ ಇನ್ನೂ ಚೆನ್ನಾಗಿರುವ ಮಕ್ಕಳ ನಡುವೆಯೇ ಕೂರಬೇಕು. ಕೂತು, ಕಾಯಬೇಕು. ಈ ಎರಡನೆಯದೇ ಕಷ್ಟದ ಕೆಲಸ.

ಕಾದದ್ದರಿಂದ ಸಿಕ್ಕಿದ್ದೇನು ಎಂಬುದಕ್ಕೆ ಗಾಂಜಾದ ಉದಾಹರಣೆ ಸಾಕು. ಗಾಂಜಾ ಸೇದುವ ಹುಡುಗರಲ್ಲಿ ಖಿನ್ನತೆ ಹೆಚ್ಚು ಎಂಬುದು ಒಂದೇ ದಿನದ ಸಮೀಕ್ಷೆಯಲ್ಲೂ ಗೊತ್ತಾಗುತ್ತದೆ. ಖಿನ್ನತೆ ಬಂದು ಗಾಂಜಾಕ್ಕೆ ಹೋದರೋ, ಗಾಂಜಾಕ್ಕೆ ಹೋಗಿ ಖಿನ್ನರಾದರೋ ಎಂಬುದು ಗೊತ್ತಾಗುವುದಿಲ್ಲ. ಇದನ್ನು ಬಿಡಿಸಲು ವರ್ಷಗಟ್ಟಲೆ ಅದೇ ವ್ಯಕ್ತಿಯನ್ನು ನೋಡುತ್ತಿರಬೇಕು. ಏಳು ವರ್ಷ ಹಿಂಬಾಲಿಸಿದ ಮೇಲೆ 2002ರಲ್ಲಿ ಪ್ಯಾಟನ್ ತಂಡ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಉತ್ತರ ಪ್ರಕಟಿಸಿತು. ದಿನವೂ ಗಾಂಜಾ ಸೇದುತ್ತಿದ್ದ ಯುವತಿಯರಲ್ಲಿ ಖಿನ್ನತೆ, ಆತಂಕಗಳ ಸಂಭವ ಐದು ಪಟ್ಟಿಗೂ ಹೆಚ್ಚಾಗಿತ್ತು. ಆದರೆ ಹರೆಯದಲ್ಲಿ ಖಿನ್ನತೆ ಇದ್ದವರು ಮುಂದೆ ಗಾಂಜಾಕ್ಕೆ ಹೋಗುತ್ತಾರೆ ಎಂಬುದಕ್ಕೆ ಪುರಾವೆ ಸಿಗಲಿಲ್ಲ.

ಡಯೆಟ್ ವಿಷಯದ ಫಲಿತಾಂಶ 1999ರದ್ದು. ತೀವ್ರವಾಗಿ ಊಟ ಕಟ್ಟಿದ ಹುಡುಗಿಯರು, ಡಯೆಟ್ ಗೋಜಿಗೆ ಹೋಗದವರಿಗಿಂತ 18 ಪಟ್ಟು ಹೆಚ್ಚಾಗಿ ಆಹಾರ ಸಂಬಂಧಿ ಮನೋರೋಗಕ್ಕೆ ಒಳಗಾದರು. ಸಾಧಾರಣ ಡಯೆಟ್ ಮಾಡಿದವರು ಐದು ಪಟ್ಟು. ‘ಸ್ವಲ್ಪ ದಪ್ಪ ಆಗಿದ್ದೀಯಲ್ಲೇ’ ಎಂದು ಮದುವೆ ಮನೆಯಲ್ಲಿ ಎಲ್ಲರ ಮುಂದೆ ಹೇಳುವ ನಮ್ಮ ಅತ್ತೆ, ಚಿಕ್ಕಮ್ಮಂದಿರಿಗೆ ಈ ಅಂಕಿ ಓದಿ ಹೇಳಬೇಕು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಇನ್ನು ಗೇಲಿ, ಕಿರುಕುಳ. ಎಂಟನೇ ತರಗತಿಯ 2,680 ಮಕ್ಕಳನ್ನು ಒಂಬತ್ತನೇ ತರಗತಿಯವರೆಗೆ ಗಮನಿಸಿದ ಅಧ್ಯಯನವನ್ನು ಪ್ಯಾಟನ್ ಅವರ ಸಹೋದ್ಯೋಗಿ ಲಿಂಡಲ್ ಬಾಂಡ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಸಹಪಾಠಿಗಳಿಂದ ಕಿರುಕುಳ ಉಂಡವರಲ್ಲಿ ಮುಂದೆ ಖಿನ್ನತೆ, ಆತಂಕದ ಲಕ್ಷಣಗಳು ಕಾಣಿಸಿಕೊಂಡವು, ಅದರಲ್ಲೂ ಹುಡುಗಿಯರಲ್ಲಿ. ಮೊದಲೇ ಮಂಕಾಗಿದ್ದ ಮಕ್ಕಳನ್ನೇ ಹುಡುಕಿ ಕಾಡಿಸುತ್ತಾರೆ ಎಂಬ ವಾದಕ್ಕೆ ಆಧಾರ ಸಿಗಲಿಲ್ಲ. ಅಂದರೆ ದೋಷ ಕಿರುಕುಳ ತಿಂದ ಮಗುವಿನ ಸ್ವಭಾವದಲ್ಲಿರಲಿಲ್ಲ, ಅದರ ಸುತ್ತ ಇದ್ದ ತರಗತಿಯಲ್ಲಿತ್ತು. ‘ನಿಮ್ಮ ಮಗಳು ಬಹಳ ಸೂಕ್ಷ್ಮ, ಸ್ವಲ್ಪ ಗಟ್ಟಿಯಾಗಲು ಹೇಳಿ’ ಎಂದು ಪೋಷಕರ ಸಭೆಯಲ್ಲಿ ಹೇಳಿ ಕಳಿಸುವ ಶಾಲೆಗಳು ಇದನ್ನು ಗಮನಿಸಬೇಕು.

ಇಲ್ಲಿಂದ ಪ್ಯಾಟನ್ ಕೆಲಸ ತಿರುವು ಪಡೆಯಿತು. ಕಾಯಿಲೆ ಎಲ್ಲಿಂದ ಶುರುವಾಗುತ್ತದೆ ಎಂದು ಗೊತ್ತಾದ ಮೇಲೆ ಬರೀ ಎಣಿಸುತ್ತಾ ಕೂರುವುದು ಹೇಗೆ? ಮಕ್ಕಳಿಗೆ ಬುದ್ಧಿ ಹೇಳುವ ಪಾಠಗಳು ಜಗತ್ತಿನಾದ್ಯಂತ ಆಗಲೇ ಬೇಕಾದಷ್ಟಿದ್ದವು. ಸಿಗರೇಟು ಕೆಟ್ಟದ್ದು ಎಂಬುದು ಸೇದುವ ಹುಡುಗನಿಗೂ ಗೊತ್ತು. 1986ರಲ್ಲಿ ಕೆನಡಾದ ಒಟ್ಟಾವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಆರೋಗ್ಯ ವರ್ಧನೆ ಸಮ್ಮೇಳನ ಇದನ್ನೇ ಘೋಷಣೆಯ ರೂಪದಲ್ಲಿ ಹೇಳಿತ್ತು: ಆರೋಗ್ಯ ತಯಾರಾಗುವುದು ಆಸ್ಪತ್ರೆಯಲ್ಲಿ ಅಲ್ಲ, ಜನ ದಿನ ಕಳೆಯುವ ಜಾಗಗಳಲ್ಲಿ. ಹರೆಯದವರು ದಿನ ಕಳೆಯುವ ಜಾಗ ಶಾಲೆ. ಹಾಗಾದರೆ ಮಕ್ಕಳನ್ನು ಬದಲಾಯಿಸುವ ಬದಲು ಶಾಲೆಯನ್ನೇ ಬದಲಾಯಿಸಿ ನೋಡಿದರೆ?

ಆ ಪ್ರಯೋಗದ ಹೆಸರು ಗೇಟ್‌ಹೌಸ್ ಪ್ರಾಜೆಕ್ಟ್. 1997ರಲ್ಲಿ ಆರಂಭವಾಯಿತು. ವಿಕ್ಟೋರಿಯಾದ 26 ಶಾಲೆಗಳು. ಯಾವ ಶಾಲೆಯಲ್ಲಿ ಪ್ರಯೋಗ, ಯಾವುದರಲ್ಲಿ ಎಂದಿನಂತೆ ಎಂಬುದನ್ನು ಲಾಟರಿಯಂತೆ ತೀರ್ಮಾನಿಸಿದರು. ಒಂದೊಂದು ಮಗುವನ್ನು ಬಿಟ್ಟು ಇಡೀ ಶಾಲೆಯನ್ನೇ ಒಂದು ಘಟಕವಾಗಿ ಹಿಡಿದದ್ದಕ್ಕೆ ಕಾರಣ ರೈತರಿಗೆ ಹೇಳಬೇಕಾಗಿಲ್ಲ: ಒಂದೇ ಮಡಿಯಲ್ಲಿ ಅರ್ಧ ಸಸಿಗೆ ನೀರು ಬಿಟ್ಟು ಇನ್ನರ್ಧಕ್ಕೆ ತಾಗದಂತೆ ತಡೆಯಲಾಗದು. ಮೂರು ಸಂಗತಿಗಳ ಮೇಲೆ ಅವರ ಕಣ್ಣಿತ್ತು. ಶಾಲೆಯಲ್ಲಿ ಮಗುವಿಗೆ ಭಯವಿಲ್ಲದ ಭದ್ರತೆ ಇದೆಯೇ? ತನ್ನ ಮಾತು ಕೇಳುವವರು, ತನ್ನೊಡನೆ ಮಾತಾಡುವವರು ಇದ್ದಾರೆಯೇ? ತನಗೂ ಇಲ್ಲಿ ಒಂದು ಬೆಲೆ ಇದೆ ಎಂದು ಅನಿಸುತ್ತದೆಯೇ?

ಪ್ರಯೋಗದ ವಿಧಾನ ಗಮನಿಸಬೇಕಾದ್ದು. ಮೊದಲು ಮಕ್ಕಳನ್ನೇ ಕೇಳಿದರು. ಅವರ ಉತ್ತರಗಳನ್ನು ಒಟ್ಟುಮಾಡಿ, ‘ನಿಮ್ಮ ಶಾಲೆ ನಿಮ್ಮ ಮಕ್ಕಳ ಕಣ್ಣಿಗೆ ಹೀಗೆ ಕಾಣುತ್ತಿದೆ’ ಎಂದು ಆಯಾ ಶಾಲೆಯ ಶಿಕ್ಷಕರ ಮುಂದಿಟ್ಟರು. ಶಾಲೆಯಲ್ಲಿ ಒಂದು ತಂಡ ಕಟ್ಟಿದರು. ಹೊರಗಿನಿಂದ ಒಬ್ಬರು ಆಗಾಗ ಬಂದು ಆ ತಂಡದ ಜೊತೆ ಕೂರುತ್ತಿದ್ದರು. ಅಧಿಕಾರಿಯಂತೆ ತಪಾಸಣೆ ಮಾಡಲು ಬಂದವರಲ್ಲ, ಮುಲಾಜಿಲ್ಲದೆ ಹೇಳಬಲ್ಲ ಸ್ನೇಹಿತರಂತೆ. ಕಿರುಕುಳಕ್ಕೆ ಏನು ಮಾಡಬೇಕು, ಹೊಸದಾಗಿ ಸೇರಿದವರು ಒಂಟಿಯಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಪ್ರತಿ ಶಾಲೆಯೂ ತನಗೆ ಹೊಂದುವಂತೆ ತೀರ್ಮಾನಿಸಿತು. ಜೊತೆಗೆ ತರಗತಿಯಲ್ಲಿ, ಕಷ್ಟ ಬಂದಾಗ ಮನಸ್ಸು ಹೇಗೆ ಯೋಚಿಸುತ್ತದೆ ಎಂಬುದರ ಬಗ್ಗೆ ಪಾಠಗಳೂ ಇದ್ದವು.

ಫಲಿತಾಂಶ? ಖಿನ್ನತೆ ಕಡಿಮೆಯಾಗಲಿಲ್ಲ. ಗೆಳೆತನ, ಶಾಲೆಯೊಡನೆಯ ಸಂಬಂಧ ಇವುಗಳ ಅಳತೆಯಲ್ಲೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಯಾವುದನ್ನು ಸರಿಪಡಿಸಲು ಹೊರಟರೋ ಅದೇ ಆಗಲಿಲ್ಲ. ಸಿಗರೇಟು, ಮದ್ಯಪಾನ ಮಾತ್ರ ಎಂದಿನಂತೆ ನಡೆದ ಶಾಲೆಗಳಿಗಿಂತ ನೂರಕ್ಕೆ ಮೂರರಿಂದ ಐದರಷ್ಟು ಕಡಿಮೆ ಇದ್ದವು. ಇದನ್ನು ಬಾಂಡ್, ಪ್ಯಾಟನ್ ಮತ್ತು ಸಂಗಡಿಗರು 2004ರಲ್ಲಿ ಇದ್ದದ್ದು ಇದ್ದಂತೆ ಪ್ರಕಟಿಸಿದರು. ವರ್ಷಗಟ್ಟಲೆ ದುಡಿದ ಕೆಲಸ ಅರ್ಧದಷ್ಟು ಸೋತಿತು ಎಂದು ತಾವೇ ಅಚ್ಚು ಹಾಕಿಸುವುದು ಸಣ್ಣ ಮಾತಲ್ಲ. ಈ ಕ್ಷೇತ್ರದಲ್ಲಿ ಸಂಶೋಧಕರ ಅನ್ನವೂ ಅನುದಾನದ ಮೇಲೆ ನಿಂತಿರುತ್ತದೆ. ಯಶಸ್ಸಿನ ಕತೆಗೆ ಅನುದಾನ ಬೇಗ ಸಿಗುತ್ತದೆ.

ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. ಮೂಲ ಮಕ್ಕಳು ಮೇಲಿನ ತರಗತಿಗೆ ಹೋದ ಮೇಲೆ, ಅದೇ ಶಾಲೆಗಳಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಮಕ್ಕಳನ್ನು 1999ರಲ್ಲಿ, ಮತ್ತೆ 2001ರಲ್ಲಿ ಕೇಳಿದರು. ಈ ಮಕ್ಕಳು ಯೋಜನೆ ಶುರುವಾದಾಗ ಆ ಶಾಲೆಯಲ್ಲಿ ಇರಲೇ ಇಲ್ಲ. 2001ರ ಹೊತ್ತಿಗೆ, ಎಂದಿನಂತೆ ನಡೆದ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತು ಮಕ್ಕಳು ಮಾದಕ ವಸ್ತು, ಪುಂಡಾಟ, ಎಳೆಯ ವಯಸ್ಸಿನ ಲೈಂಗಿಕತೆಯಂಥ ಅಪಾಯದ ನಡವಳಿಕೆಗಳಲ್ಲಿ ಸಿಲುಕಿದ್ದರೆ, ಪ್ರಯೋಗದ ಶಾಲೆಗಳಲ್ಲಿ ಅದು ಹದಿನೈದು. ಕಾಲು ಭಾಗದಷ್ಟು ಕಡಿಮೆ. ಮಕ್ಕಳು ಬಂದು ಹೋದರು, ಶಾಲೆಯ ಗುಣ ಉಳಿಯಿತು. ಪ್ಯಾಟನ್ ತಂಡ 2006ರಲ್ಲಿ ಇದನ್ನು ಪ್ರಕಟಿಸಿದಾಗ ಯೋಜನೆ ಆರಂಭವಾಗಿ ಒಂಬತ್ತು ವರ್ಷ ಕಳೆದಿತ್ತು. ನಮ್ಮ ಯಾವ ಸರ್ಕಾರಿ ಯೋಜನೆಗೆ ಒಂಬತ್ತು ವರ್ಷದ ತಾಳ್ಮೆ ಇದೆ? ಐದು ವರ್ಷಕ್ಕೆ ಅದರ ಹೆಸರೇ ಬದಲಾಗಿರುತ್ತದೆ.

ಇದೇ ಕ್ಷೇತ್ರದಲ್ಲಿ ಇನ್ನೊಂದು ಬಗೆಯ ಬದುಕೂ ಇದೆ, ಅದನ್ನು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡ್, ಫಿನ್‌ಲೆಂಡ್, ನಾರ್ವೆಯ ಕೆಲವು ಸಂಶೋಧಕರು 1980ರ ದಶಕದ ಆರಂಭದಲ್ಲಿ ಕೈಜೋಡಿಸಿ ಶಾಲಾ ಮಕ್ಕಳ ಆರೋಗ್ಯದ ಒಂದು ಸಮೀಕ್ಷೆ ಹುಟ್ಟುಹಾಕಿದರು. 11, 13, 15ರ ವಯಸ್ಸಿನ ಮಕ್ಕಳಿಗೆ ನಾಲ್ಕು ವರ್ಷಕ್ಕೊಮ್ಮೆ ಪ್ರಶ್ನಾವಳಿ. ಇಂದು ಯುರೋಪಿನ ದೇಶಗಳು, ಕೆನಡಾ ಸೇರಿ ಐವತ್ತರಷ್ಟು ದೇಶಗಳು ಅದರಲ್ಲಿವೆ. ಅಲ್ಲಿ ಇಡೀ ವೃತ್ತಿಜೀವನವನ್ನೇ ಈ ಒಂದು ಸಮೀಕ್ಷೆಗೆ ಕೊಟ್ಟವರಿದ್ದಾರೆ. ಹೊಸ ಪ್ರಶ್ನೆ ಸೇರಿಸಲು ಆಸೆಯಾಗುತ್ತದೆ, ಹಳೆಯದನ್ನು ಕೈಬಿಟ್ಟರೆ ಹಿಂದಿನ ವರ್ಷಗಳೊಡನೆ ಹೋಲಿಸಲಾಗುವುದಿಲ್ಲ. ಒಂದೇ ಪ್ರಶ್ನೆಯನ್ನು ನಲವತ್ತು ವರ್ಷ ಅಲುಗಾಡದಂತೆ ಕಾಯುವುದೇ ಅಲ್ಲಿ ಪಾಂಡಿತ್ಯ.

ಪ್ಯಾಟನ್ ಅವರಿಗೆ ಮುಂದೆ ಒಂದು ಕೊರತೆ ಕಾಡತೊಡಗಿತು ಎಂದು ಅವರ ಬರಹಗಳಿಂದ ಊಹಿಸಬಹುದು. 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅವರು ಮತ್ತು ಸಂಗಡಿಗರು ಜಗತ್ತಿನ 10ರಿಂದ 24 ವಯಸ್ಸಿನವರ ಸಾವುಗಳ ಲೆಕ್ಕ ಹಾಕಿದರು. 2004ರ ಒಂದೇ ವರ್ಷದಲ್ಲಿ 26 ಲಕ್ಷ ಸಾವು. ಅದರಲ್ಲಿ ನೂರಕ್ಕೆ 97 ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ರಸ್ತೆ ಅಪಘಾತ, ಆತ್ಮಹತ್ಯೆ, ಹೆರಿಗೆಯ ತೊಡಕುಗಳು. ಐದು ವರ್ಷದೊಳಗಿನ ಮಕ್ಕಳ ಲಸಿಕೆಗೆ, ಬಾಣಂತಿಯರ ಆರೈಕೆಗೆ ಜಗತ್ತು ಗಮನ ಕೊಟ್ಟಿತ್ತು. ನಡುವಿನವರು ‘ಆರೋಗ್ಯವಾಗಿಯೇ ಇರುತ್ತಾರೆ ಬಿಡಿ’ ಎಂಬ ಲೆಕ್ಕದಲ್ಲಿ ಬಿಟ್ಟು ಹೋಗಿದ್ದರು. ಸಾವುಗಳು ನಮ್ಮಂಥ ದೇಶಗಳಲ್ಲಿ, ಸಂಶೋಧನೆ ಮಾತ್ರ ಸಿರಿವಂತ ದೇಶಗಳಲ್ಲಿ. 2016ರಲ್ಲಿ ಅವರ ಮುಂದಾಳತ್ವದಲ್ಲಿ ಲ್ಯಾನ್ಸೆಟ್ ಆಯೋಗ ಹರೆಯದವರ ಆರೋಗ್ಯದ ಮೇಲೆ ದೊಡ್ಡ ವರದಿ ಕೊಟ್ಟಿತು. ಜಗತ್ತಿನಲ್ಲಿ ಆಗ 180 ಕೋಟಿ ಮಂದಿ 10ರಿಂದ 24ರ ವಯಸ್ಸಿನವರು. ಅವರ ಮೇಲೆ ಹಾಕಿದ ದುಡ್ಡು ಮೂರು ಸಲ ಫಲ ಕೊಡುತ್ತದೆ ಎಂಬುದು ಆ ವರದಿಯ ಮುಖ್ಯ ವಾದ: ಈಗ ಅವರಿಗೆ, ಮುಂದೆ ದೊಡ್ಡವರಾದ ಅವರಿಗೆ, ಆಮೇಲೆ ಅವರ ಮಕ್ಕಳಿಗೆ.

ಮೂರನೆಯ ಮಾತು ಬಾಯಿಮಾತಲ್ಲ. 1992ರ ಆ ಮಕ್ಕಳು ತಾಯಂದಿರಾದ ಮೇಲೆ ಸಿಕ್ಕ ಫಲಿತಾಂಶ 2015ರಲ್ಲಿ ಬಂತು. ಬಸಿರು ಬಾಣಂತನದಲ್ಲಿ ಖಿನ್ನತೆಯ ಲಕ್ಷಣ ಇದ್ದ ಹೆಂಗಸರಲ್ಲಿ ನೂರಕ್ಕೆ 85ರಷ್ಟು ಮಂದಿಗೆ ಬಸಿರಾಗುವುದಕ್ಕೂ ಮೊದಲೇ ಮಾನಸಿಕ ತೊಂದರೆಯ ಇತಿಹಾಸವಿತ್ತು. ಬಾಣಂತಿ ಸನ್ನಿಯೋ, ದೃಷ್ಟಿಯೋ ಎಂದು ನಮ್ಮಲ್ಲಿ ಹೆರಿಗೆಯ ತಲೆಗೆ ಕಟ್ಟುವ ಎಷ್ಟೋ ಸಂಕಟಗಳು ಹತ್ತು ವರ್ಷ ಹಿಂದೆ, ಶಾಲೆಯ ಬೆಂಚಿನ ಮೇಲೆ ಶುರುವಾಗಿದ್ದಿರಬಹುದು. ಇದನ್ನು ಹೇಳಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಅದಕ್ಕಿಂತ ಬೇಗ ಹೇಳುವ ಉಪಾಯ ಇರಲಿಲ್ಲ.

ಇನ್ನು ಬಿಹಾರ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಗೋವಾದ ‘ಸಂಗತ್’ ಸಂಸ್ಥೆಯ ಸಚಿನ್ ಶಿಂದೆ ಮೊದಲಾದವರು ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಸಿದರು. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಅದರ ವರದಿ ಬಂದಾಗ ಲೇಖಕರ ಸಾಲಿನಲ್ಲಿ ಪ್ಯಾಟನ್ ಹೆಸರೂ ಇತ್ತು. ಒಂಬತ್ತನೇ ತರಗತಿಯ ಹದಿಮೂರು ಸಾವಿರಕ್ಕೂ ಹೆಚ್ಚು ಮಕ್ಕಳು ಅದರಲ್ಲಿ ಪಾಲ್ಗೊಂಡರು. ಸರ್ಕಾರದ ಜೀವನ ಕೌಶಲದ ಪಾಠ ಎಲ್ಲ ಶಾಲೆಗಳಿಗೂ ಇದ್ದದ್ದೇ. ಮೂರನೇ ಒಂದು ಪಾಲು ಶಾಲೆಗಳಲ್ಲಿ ಅಷ್ಟೇ ಇತ್ತು. ಇನ್ನೊಂದು ಪಾಲಿನಲ್ಲಿ, ಇರುವ ಶಿಕ್ಷಕರಲ್ಲೇ ಒಬ್ಬರಿಗೆ ತರಬೇತಿ ಕೊಟ್ಟು ಆರೋಗ್ಯ ವರ್ಧನೆಯ ಕೆಲಸ ವಹಿಸಿದರು. ಉಳಿದ ಪಾಲಿನಲ್ಲಿ ಅದೇ ಕೆಲಸಕ್ಕೆ ಹೊರಗಿನ ಒಬ್ಬರನ್ನು ನೇಮಿಸಿದರು. ಇವರು ಡಾಕ್ಟರಲ್ಲ, ವೃತ್ತಿಪರ ಮನಶ್ಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ ಸಾಮಾನ್ಯರು. ಅವರನ್ನು ‘ಸೆಹರ್ ಮಿತ್ರ’ ಎಂದು ಕರೆದರು.

ಮಿತ್ರರ ಕೆಲಸದಲ್ಲಿ ನಮ್ಮ ಮೇಷ್ಟರುಗಳಿಗೆ ಹೊಸದೆನಿಸುವಂಥದ್ದು ಏನೂ ಇರಲಿಲ್ಲ. ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ವಿಷಯದ ಮೇಲೆ ಮಾತು. ಗೋಡೆ ಪತ್ರಿಕೆ. ಹೆಸರು ಬರೆಯದೆಯೂ ದೂರು, ಪ್ರಶ್ನೆ, ಸಲಹೆ ಹಾಕಬಹುದಾದ ಒಂದು ಪೆಟ್ಟಿಗೆ. ಸ್ಪರ್ಧೆಗಳು. ಮಕ್ಕಳು, ಶಿಕ್ಷಕರು, ಪೋಷಕರು ಕೂಡಿದ ಒಂದು ಸಮಿತಿ. ಮಕ್ಕಳದೇ ಗುಂಪು. ಯಾರಿಗಾದರೂ ಒಂಟಿಯಾಗಿ ಮಾತಾಡಬೇಕೆನಿಸಿದರೆ ಅದಕ್ಕೊಂದು ಅವಕಾಶ. ಇಷ್ಟೇ.

ಎಂಟು ತಿಂಗಳ ಬಳಿಕ ಮಿತ್ರರಿದ್ದ ಶಾಲೆಗಳಲ್ಲಿ ಮಕ್ಕಳು ತಮ್ಮ ಶಾಲೆಯ ವಾತಾವರಣಕ್ಕೆ ಕೊಟ್ಟ ಅಂಕ ಎದ್ದು ಕಾಣುವಷ್ಟು ಏರಿತ್ತು. ಖಿನ್ನತೆಯ ಲಕ್ಷಣ, ಗೇಲಿ ಕಿರುಕುಳ, ಹೊಡೆದಾಟ ಕಡಿಮೆಯಾಗಿದ್ದವು. ಹೆಣ್ಣು ಗಂಡಿನ ಸಮಾನತೆಯ ಬಗ್ಗೆ ಧೋರಣೆ ಸುಧಾರಿಸಿತ್ತು. ಹದಿನೇಳು ತಿಂಗಳಿಗೆ ನೋಡಿದಾಗ ಪರಿಣಾಮ ಇನ್ನೂ ಗಟ್ಟಿಯಾಗಿತ್ತು. ವಿಕ್ಟೋರಿಯಾದಲ್ಲಿ ಕೈಗೆ ಸಿಗದೆ ಹೋದ ಖಿನ್ನತೆ ನಳಂದದಲ್ಲಿ ಇಳಿಯಿತು. ಬಹುಶಃ ಏನೂ ಇಲ್ಲದ ಕಡೆ ಸ್ವಲ್ಪ ಕೊಟ್ಟರೂ ದೊಡ್ಡದಾಗಿ ಕಾಣುತ್ತದೆ. ಇದು ನನ್ನ ಊಹೆ.

ಶಿಕ್ಷಕರಿಗೇ ಆ ಕೆಲಸ ವಹಿಸಿದ್ದ ಶಾಲೆಗಳಲ್ಲಿ ಆದದ್ದೇನು? ಏನೂ ಆಗಲಿಲ್ಲ. ಎಂಟು ತಿಂಗಳಿಗೂ ಇಲ್ಲ, ಹದಿನೇಳು ತಿಂಗಳಿಗೂ ಇಲ್ಲ. ಇಡೀ ಪ್ರಯೋಗದಲ್ಲಿ ಇದಕ್ಕಿಂತ ಮುಖ್ಯವಾದ ಸಂಗತಿ ನನಗೆ ಕಾಣುವುದಿಲ್ಲ. ಯಾಕೆಂದರೆ ನಮ್ಮಲ್ಲಿ ಶಾಲೆಗೆ ಯಾವ ಹೊಸ ಕೆಲಸ ಬಂದರೂ ಅದು ಮೇಷ್ಟರ ತಲೆಗೇ ಬರುತ್ತದೆ. ಚುನಾವಣೆ, ಸಮೀಕ್ಷೆ, ಮೊಟ್ಟೆ ಬೇಯಿಸಿ ಲೆಕ್ಕ ಬರೆಯುವುದು, ಕಬ್ಬಿಣಾಂಶದ ಮಾತ್ರೆ ನುಂಗಿಸುವುದು, ಆ್ಯಪ್‌ನಲ್ಲಿ ಫೋಟೊ ಏರಿಸುವುದು. ಇದರ ಮೇಲೆ ‘ಮಕ್ಕಳ ಮನಸ್ಸನ್ನೂ ನೋಡಿಕೊಳ್ಳಿ’ ಎಂಬ ಸುತ್ತೋಲೆ. ಮೇಷ್ಟರು ಕೆಟ್ಟವರೆಂದಲ್ಲ. ಗಣಿತದಲ್ಲಿ ಕಡಿಮೆ ಅಂಕ ಬಂದದ್ದಕ್ಕೆ ಬೆಳಿಗ್ಗೆ ಗದರಿದವರ ಹತ್ತಿರವೇ ಮಧ್ಯಾಹ್ನ ಹೋಗಿ ಮನೆಯ ಗುಟ್ಟು ಹೇಳಲು ಯಾವ ಹುಡುಗಿಗೆ ಧೈರ್ಯ ಬರುತ್ತದೆ?

ಇದಕ್ಕೆ ವಿರುದ್ಧದ ಸಾಕ್ಷ್ಯವನ್ನೂ ಹೇಳಬೇಕು, ಅದು ನಮ್ಮ ಬೆಂಗಳೂರಿನದ್ದೇ. ನಿಮ್ಹಾನ್ಸ್‌ನಲ್ಲಿ ಮಾಳವಿಕಾ ಕಪೂರ್ ಅವರು ಶಾಲಾ ಮಕ್ಕಳ ಮಾನಸಿಕ ಆರೋಗ್ಯದ ಮೇಲೆ ದಶಕಗಳ ಕಾಲ ಕೆಲಸ ಮಾಡಿ, 1990ರ ದಶಕದಲ್ಲೇ ಪುಸ್ತಕ ಬರೆದರು. ಆಮೇಲೆ ಅದೇ ಸಂಸ್ಥೆಯ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ಅವರು ಶಿಕ್ಷಕರ ಮೂಲಕವೇ ಜೀವನ ಕೌಶಲ ಕಲಿಸುವ ಮಾದರಿ ರೂಪಿಸಿದರು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಈ ಪಾಠ ಕಲಿತ 605 ಮಕ್ಕಳನ್ನು ಕಲಿಯದ 423 ಮಕ್ಕಳ ಜೊತೆ ಹೋಲಿಸಿದರು. ಕಲಿತವರಲ್ಲಿ ಆತ್ಮವಿಶ್ವಾಸ ಹೆಚ್ಚು, ಕಷ್ಟ ಎದುರಿಸುವ ಬಲ ಹೆಚ್ಚು, ಶಿಕ್ಷಕರ ಜೊತೆ ಹೊಂದಾಣಿಕೆ ಚೆನ್ನ. ಮಾನಸಿಕ ತೊಂದರೆಗಳ ಅಳತೆಯಲ್ಲಿ ಮಾತ್ರ ವ್ಯತ್ಯಾಸವಿರಲಿಲ್ಲ. ಅಂದರೆ ಮೇಷ್ಟರು ಕಲಿಸಬಲ್ಲರು. ಕಲಿಸುವುದರಿಂದಷ್ಟೇ ಸಂಕಟ ಇಳಿಯುವುದಿಲ್ಲ. ಪಾಠದ ಮಿತಿ ಬ್ರಿಟನ್ನಿನಲ್ಲೂ ಕಂಡಿದೆ. ಅಲ್ಲಿ ಎಂಬತ್ತಕ್ಕೂ ಹೆಚ್ಚು ಶಾಲೆಗಳ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಒಳಗೊಂಡು, ಅವರಲ್ಲಿ ಒಂದು ಗುಂಪಿಗೆ ಧ್ಯಾನದ ಮಾದರಿಯ ಪಾಠ ಮಾಡಿಸಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಾಲೆಯ ಎಂದಿನ ಪಾಠಕ್ಕಿಂತ ಅದು ಮೇಲೇನೂ ಆಗಿರಲಿಲ್ಲ.

ನಮ್ಮ ರಾಜ್ಯದಲ್ಲಿ ಈ ಬಗೆಯ ಶಿಸ್ತಿನ ಪ್ರಯೋಗ ನಡೆದೇ ಇಲ್ಲ ಎನ್ನುವಂತಿಲ್ಲ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಅದರ ಜೊತೆಗಾರರು 2014ರಿಂದ 2017ರವರೆಗೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ 80 ಹಳ್ಳಿಗಳಲ್ಲಿ ‘ಸಮತಾ’ ಎಂಬ ಪ್ರಯೋಗ ನಡೆಸಿದರು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹದಿಮೂರು ಹದಿನಾಲ್ಕರ ಹುಡುಗಿಯರು ಶಾಲೆ ಬಿಡದಂತೆ, ಬೇಗ ಮದುವೆಯಾಗದಂತೆ ನೋಡಿಕೊಳ್ಳುವುದು ಉದ್ದೇಶ. ಹುಡುಗಿಯರ ಗುಂಪು ಕಟ್ಟಿದರು, ಮನೆಮನೆಗೆ ಹೋಗಿ ತಂದೆ ತಾಯಿಯ ಜೊತೆ ಮಾತಾಡಿದರು, ಹುಡುಗರನ್ನೂ ಊರವರನ್ನೂ ಶಾಲೆಯನ್ನೂ ಒಳಗೊಂಡರು. ಮೂರು ವರ್ಷದ ಕೊನೆಗೆ, ಆ 80ರಲ್ಲಿ ಈ ಕೆಲಸ ನಡೆದ ಹಳ್ಳಿಗಳಲ್ಲೂ ಹೋಲಿಕೆಗೆಂದು ಹಾಗೇ ಬಿಟ್ಟ ಹಳ್ಳಿಗಳಲ್ಲೂ ಲೆಕ್ಕ ಹಾಕಿದಾಗ ಒಟ್ಟಾರೆ ವ್ಯತ್ಯಾಸ ಇರಲಿಲ್ಲ.

ಸೋಲು ಎನ್ನಬೇಡಿ. ವ್ಯತ್ಯಾಸ ಕಾಣದಿರಲು ಒಂದು ಕಾರಣ, ಪ್ರಯೋಗ ನಡೆಯದ ಹಳ್ಳಿಗಳಲ್ಲೂ ಹುಡುಗಿಯರು ಶಾಲೆ ಬಿಡದೆ ಓದುತ್ತಿದ್ದದ್ದು. ಮುಕ್ಕಾಲು ಪಾಲು ಹುಡುಗಿಯರು ಪ್ರೌಢಶಾಲೆ ಮುಗಿಸಿದ್ದರು. ಮದುವೆಯಾದವರು ನೂರಕ್ಕೆ ಹತ್ತರ ಆಸುಪಾಸು. ಸಂಶೋಧಕರು ಹೊರಟಾಗ ಊಹಿಸಿದ್ದಕ್ಕಿಂತ ಬೇಗ ಉತ್ತರ ಕರ್ನಾಟಕ ಬದಲಾಗಿತ್ತು. ಹೋಲಿಸಲು ಆ ಹಳ್ಳಿಗಳನ್ನು ಇಟ್ಟುಕೊಳ್ಳದೆ ಹೋಗಿದ್ದರೆ ‘ನಮ್ಮ ಯೋಜನೆಯಿಂದ ಇಷ್ಟು ಹುಡುಗಿಯರು ಓದಿದರು’ ಎಂದು ಬಣ್ಣದ ವರದಿ ಅಚ್ಚಾಗುತ್ತಿತ್ತು, ಅದನ್ನು ಎಲ್ಲರೂ ನಂಬುತ್ತಿದ್ದೆವು. ಎಷ್ಟೋ ಸರ್ಕಾರಿ ಇಲಾಖೆಗಳ, ಎಷ್ಟೋ ಸ್ವಯಂಸೇವಾ ಸಂಸ್ಥೆಗಳ ಯಶೋಗಾಥೆಗಳು ಇಂಥ ಹೋಲಿಕೆಯ ಮುಂದೆ ನಿಲ್ಲುತ್ತವೆಯೇ ಎಂಬ ಅನುಮಾನ ನನ್ನದು.

ಈ ವೃತ್ತಿಗೆ ಬರಬೇಕೆನ್ನುವ ಕನ್ನಡದ ಹುಡುಗ ಹುಡುಗಿಯರು ಇದನ್ನೆಲ್ಲ ತಿಳಿದೇ ಬರಬೇಕು. ವೈದ್ಯಕೀಯ ಓದಿಯೇ ಬರಬೇಕೆಂದಿಲ್ಲ. ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಶಿಕ್ಷಣ, ಸಂಖ್ಯಾಶಾಸ್ತ್ರ, ಸಾರ್ವಜನಿಕ ಆರೋಗ್ಯ ಯಾವ ದಾರಿಯಿಂದಲೂ ಬರಬಹುದು. ದಿನದ ಕೆಲಸದಲ್ಲಿ ವೈಭವವಿಲ್ಲ. ಪೋಷಕರ ಒಪ್ಪಿಗೆ ಪತ್ರ ಸಂಗ್ರಹಿಸಬೇಕು. ಮಗು ತಾನು ಬದುಕಿರುವುದು ಬೇಡವೆಂದು ಉತ್ತರ ಬರೆದರೆ ಆ ಸಂಜೆಯೊಳಗೆ ಯಾರು, ಏನು ಮಾಡಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯನ್ನು, ಕೆಲಸಕ್ಕೆ ಗುಳೇ ಹೋದ ಹುಡುಗನನ್ನು ಹುಡುಕಬೇಕು, ಯಾಕೆಂದರೆ ಕೈತಪ್ಪಿ ಹೋಗುವವರೇ ಹೆಚ್ಚು ಕಷ್ಟದಲ್ಲಿರುವವರು. ಅವರನ್ನು ಬಿಟ್ಟು ಹಾಕಿದ ಲೆಕ್ಕ ಸುಳ್ಳು ಲೆಕ್ಕ. ಪ್ಯಾಟನ್ ತಂಡ 2012ರಲ್ಲಿ ಮತ್ತೊಂದು ಅಧ್ಯಯನ ಶುರುಮಾಡಿತು. ಈ ಸಲ ಎಂಟು ಒಂಬತ್ತು ವರ್ಷದ 1,200ಕ್ಕೂ ಹೆಚ್ಚು ಮಕ್ಕಳು. ಹರೆಯ ಕಾಲಿಡುವ ಮೊದಲೇ ಹಿಡಿಯಬೇಕೆಂಬ ಹಟ. ಅದರ ಪೂರ್ತಿ ಫಲ ತಾವು ನೋಡಲಾರೆವು ಎಂಬುದು ಇಂಥ ಕೆಲಸ ಹೂಡುವವರಿಗೆ ಗೊತ್ತಿರುತ್ತದೆ.

ನಮ್ಮ ಶಾಲೆಗಳಲ್ಲಿ ಬಿಡಿಬಿಡಿಯಾಗಿ ಎಲ್ಲ ಇದೆ. ಮಕ್ಕಳ ಗ್ರಾಮಸಭೆ ಇದೆ, ಶಾಲಾ ಸಂಸತ್ತು ಇದೆ, ಹುಡುಗಿಯರ ಮೀನಾ ತಂಡ ಇದೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಗೋಡೆಯ ಮೇಲೆ 1098 ಸಹಾಯವಾಣಿಯ ಸಂಖ್ಯೆ ಬರೆದಿರುತ್ತದೆ. ಸಲಹಾ ಪೆಟ್ಟಿಗೆಯೂ ಇರುತ್ತದೆ, ಬೀಗದ ಕೈ ಎಲ್ಲಿದೆ ಎಂದು ಮಾತ್ರ ಕೇಳಬಾರದು. ಇಲ್ಲದಿರುವುದು ಎರಡು: ಇವನ್ನೆಲ್ಲ ತನ್ನದೇ ಕೆಲಸವೆಂದು ನೋಡಿಕೊಳ್ಳುವ, ಪಾಠವನ್ನೂ ಮಾಡದ ಪರೀಕ್ಷೆಯನ್ನೂ ತಿದ್ದದ ಒಬ್ಬ ವ್ಯಕ್ತಿ, ಮತ್ತು ಅದರಿಂದ ಏನಾಯಿತು ಎಂದು ಅಳೆಯುವ ಅಭ್ಯಾಸ.

ಅಳೆಯುವುದು ನಮಗೆ ಆಗದ ಕೆಲಸವೂ ಅಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕ ಭಾಗದ ಜಿಲ್ಲೆಗಳ ಶಾಲೆಗಳಿಗೆ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರುಮಾಡಿ ಗದ್ದಲವೆದ್ದಾಗ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಮೊಟ್ಟೆ ತಿನ್ನುವ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಇಲ್ಲದ ಗದಗದ ಮಕ್ಕಳ ಜೊತೆ ತೂಗಿ ನೋಡಿದರು. ಯಾದಗಿರಿಯ ಮಕ್ಕಳು ಹೆಚ್ಚು ತೂಕ ಪಡೆದಿದ್ದರು. ವಾದ ವಿವಾದ ಎಷ್ಟೇ ಇರಲಿ, ಅಂಕಿ ಕೈಯಲ್ಲಿತ್ತು. ಮೊಟ್ಟೆ ರಾಜ್ಯಕ್ಕೆಲ್ಲ ಹಬ್ಬಿತು.

ಮನಸ್ಸಿನ ಆರೋಗ್ಯಕ್ಕೂ ಹಾಗೆಯೇ ಮಾಡಬಹುದು. ಶಾಲೆಗಳಿಗೆ ಆಪ್ತಸಮಾಲೋಚಕರನ್ನು ನೇಮಿಸಬೇಕೆಂಬ ಬೇಡಿಕೆ ಪ್ರತಿ ಫಲಿತಾಂಶದ ದಿನ, ಮಗುವೊಂದು ಜೀವ ಕಳೆದುಕೊಂಡಾಗ ಏಳುತ್ತದೆ, ವಾರದಲ್ಲಿ ತಣ್ಣಗಾಗುತ್ತದೆ. ಎಂದಾದರೂ ಸರ್ಕಾರ ಅದಕ್ಕೆ ಹಣ ಇಟ್ಟರೆ, ಒಮ್ಮೆಗೇ ಎಲ್ಲ ಶಾಲೆಗೂ ಅದು ಸಾಲುವುದಿಲ್ಲ. ಮೊದಲ ವರ್ಷ ಯಾವ ಶಾಲೆಗೆ, ಎರಡನೇ ವರ್ಷ ಯಾವುದಕ್ಕೆ ಎಂಬುದನ್ನು ಶಿಫಾರಸಿಗೆ ಬಿಡದೆ ಚೀಟಿ ಎತ್ತಿ ತೀರ್ಮಾನಿಸಲಿ. ಶುರುವಿಗೆ ಮೊದಲೂ ವರ್ಷದ ಕೊನೆಗೂ ಎರಡೂ ಕಡೆಯ ಮಕ್ಕಳನ್ನು ಕೇಳಲಿ, ಉತ್ತರ ಏನೇ ಬರಲಿ ಅಚ್ಚು ಹಾಕಲಿ. ಇದಕ್ಕೆ ಹೊಸ ಕಾನೂನು ಬೇಡ, ಶಿಕ್ಷಣ ಇಲಾಖೆಯ ಒಂದು ಆದೇಶ ಸಾಕು.